ಶಾರ್ಟ್ ರೋ ಹೆಣಿಗೆ: ತೂತು, ಎಣಿಕೆ ತಪ್ಪು, ಸೊಟ್ಟ ಅಂಚು ಎಲ್ಲಿಂದ ಬರುತ್ತವೆ

ಸೊಟ್ಟ ಬದುವಿನ ಹೊಲದಲ್ಲಿ ಕೂರಿಗೆ ಎಲ್ಲ ಸಾಲನ್ನೂ ತುದಿ ಮುಟ್ಟಿಸುವುದಿಲ್ಲ. ಅಗಲ ಇರುವ ಕಡೆ ನಾಲ್ಕಾರು ಸಾಲು ನಡುವಿನಲ್ಲೇ ತಿರುಗಿ ಬರುತ್ತವೆ, ಆ ತುಂಡು ಸಾಲುಗಳಿಂದ ಮೂಲೆ ತುಂಬುತ್ತದೆ. ಹೆಣಿಗೆಯ ಶಾರ್ಟ್ ರೋ ಕೂಡ ಇದೇ ಲೆಕ್ಕ. ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳನ್ನೂ ಹೆಣೆಯದೆ ನಡುವೆ ತಿರುಗಿ ವಾಪಸ್ ಬಂದರೆ, ಹೆಣೆದ ಬದಿ ಎರಡು ಸಾಲು ಎತ್ತರವಾಗುತ್ತದೆ, ಬಿಟ್ಟ ಬದಿ ಇದ್ದಲ್ಲೇ ಇರುತ್ತದೆ. ಸ್ವೆಟರಿನ ಭುಜದ ಇಳಿಜಾರು, ಹಿಂಗುತ್ತಿಗೆಯ ಏರು, ಅಡ್ಡಲಾಗಿ ಹೆಣೆಯುವ ಕುಲಾವಿಯ ನೆತ್ತಿ, ಕಾಲುಚೀಲದ ಹಿಮ್ಮಡಿ, ಕೂಸಿನ ಉಲನ್ ಚಡ್ಡಿಯ ಹಿಂಭಾಗ, ಎಲ್ಲಕ್ಕೂ ಇದೇ ಉಪಾಯ.

ಹೊಸಬರು ಇಲ್ಲಿ ಎಡವುವುದಕ್ಕೆ ಕಾರಣ ಕೈ ಅಲ್ಲ, ಕಣ್ಣು. ತಪ್ಪು ಆಗುವುದು ತಿರುಗುವಾಗ. ಕಾಣುವುದು ಎಷ್ಟೋ ಸಾಲು ಕಳೆದು, ಪೂರ್ತಿ ಸಾಲು ಹೆಣೆದು ತಿರುವುಗಳನ್ನು ಮುಚ್ಚಿದ ಮೇಲೆ. ಹಾಗಾಗಿ ಎಲ್ಲರೂ ಮುಚ್ಚುವ ಸಾಲನ್ನೇ ಬಿಚ್ಚಿ ಬಿಚ್ಚಿ ಹೆಣೆಯುತ್ತಾರೆ, ತೂತು ಅಲ್ಲೇ ಉಳಿಯುತ್ತದೆ. “ಅಕ್ಕಾ, ಇಲ್ಲಿ ತೂತ ಬಿದ್ದದ ನೋಡ್ರಿ” ಎಂದು ಯಾರಾದರೂ ತಂದರೆ, ಬಲ್ಲವರು ಕೇಳುವುದು ಇಷ್ಟೇ: “ತೂತ ಇರ್ಲಿ ತಂಗಿ, ತಿರುಗಿಸಿದ್ದು ಎಲ್ಲಿ? ಅದನ್ನ ಮೊದಲ ತೋರಸು.”

ಪದಗಳ ವಿಷಯ ಒಮ್ಮೆ ಹೇಳಿಬಿಡುತ್ತೇವೆ. ಸೀದಾ (ನಿಟ್), ಉಲ್ಟಾ (ಪರ್ಲ್) ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು, ಅವನ್ನೇ ಬಳಸಿದ್ದೇವೆ. ಕುಣಿಕೆ ಅಂದರೆ ಕಡ್ಡಿಯ ಮೇಲಿರುವ ಒಂದೊಂದು ಉಂಗುರ. ಹಿಂದಿ ವಿಡಿಯೋಗಳಲ್ಲಿ ಫಂದಾ ಅನ್ನುವುದು ಇದನ್ನೇ. ಮುಂಬದಿ ಅಂದರೆ ಹಾಕಿಕೊಂಡಾಗ ಹೊರಗೆ ಕಾಣುವ ಮುಖ.

ಬಿಚ್ಚುವ ಮೊದಲು

ಹೆಣಿಗೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ ಮೊದಲು ನೋಡಿ. ಕರೆಂಟ್ ಹೋದಾಗ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಬಿಚ್ಚಲು ಹೋಗಬೇಡಿ; ಒಂದು ತಪ್ಪು ಇದ್ದದ್ದು ಮೂರಾಗುತ್ತದೆ. ಕಪ್ಪು, ಗಾಢ ನೀಲಿ ಉಲನ್ ಆದರಂತೂ ಹಗಲು ಬೆಳಕೇ ಬೇಕು. ಕಪ್ಪು ದಾರದಲ್ಲಿ ತಿರುವು ಹುಡುಕುವುದು ಎರೆ ಹೊಲದಲ್ಲಿ ಕರಿ ಎಳ್ಳು ಆರಿಸಿದ ಹಾಗೆ. ಕಲಿಯುವಾಗ ತಿಳಿ ಬಣ್ಣದ ದಾರವನ್ನೇ ತನ್ನಿ.

ಮೊದಲು ಉಂಡೆಗೆ ಹೋಗುವ ದಾರ ಎಲ್ಲಿಂದ ಹೊರಟಿದೆ ನೋಡಿ. ಸಾಲಿನ ನಡುವೆ ಇದ್ದೀರಿ ಎಂದರೆ ಅದು ಬಲಗೈ ಕಡ್ಡಿಯ ಮೊನೆಯ ಹತ್ತಿರದ ಕುಣಿಕೆಯಿಂದ ಹೊರಟಿರಬೇಕು. ಎಡಗೈ ಕಡ್ಡಿಯಿಂದ ಹೊರಟಿದ್ದರೆ ಹೆಣಿಗೆಯನ್ನು ತಿರುಗಾ ಮುರುಗಾ ಹಿಡಿದಿದ್ದೀರಿ. ಹಾಲು ಉಕ್ಕಿತೆಂದು ನಡುಸಾಲಿನಲ್ಲಿ ಕೆಳಗಿಟ್ಟು, ಬಂದು ತಿರುಗಾ ಮುರುಗಾ ಎತ್ತಿಕೊಂಡರೆ ಆಗುವುದು ಇದೇ. ಅಲ್ಲಿಂದ ಹೆಣೆಯುತ್ತ ಹೋದರೆ ಬಯಸದೇ ಒಂದು ಶಾರ್ಟ್ ರೋ ಬಿದ್ದು, ಸ್ವೆಟರಿನ ಒಂದು ಬದಿ ಎರಡು ಸಾಲು ಎತ್ತರವಾಗಿ, ನಡುವೆ ಒಂದು ತೂತು ಬಿಡುತ್ತದೆ. ಶಾರ್ಟ್ ರೋ ಹೆಸರನ್ನೇ ಕೇಳದವರ ಹೆಣಿಗೆಯಲ್ಲೂ ಕಾರಣವಿಲ್ಲದೆ ಒಂಟಿ ತೂತು ಕಂಡರೆ, ಹತ್ತರಲ್ಲಿ ಒಂಬತ್ತು ಸಲ ಇದೇ.

ಇದಕ್ಕೆ ಒಂದು ಹೊರತು ಉಂಟು. ಬೇಕೆಂದೇ ತಿರುಗಿಸಿದ ಕ್ಷಣದಲ್ಲಿ ದಾರ ಎಡಗೈ ಕಡ್ಡಿಯಿಂದಲೇ ಹೊರಟಿರುತ್ತದೆ. ಆಗ ಎದ್ದು ಹೋದರೆ, ಬಂದ ಮೇಲೆ ಯಾವುದು ಸರಿ ಯಾವುದು ತಪ್ಪು ಹೇಳಲಾಗದು. ಆದ್ದರಿಂದ ತಿರುವಿನಲ್ಲಿ ಹೆಣಿಗೆ ಕೆಳಗಿಡಬೇಡಿ. ತಿರುಗಿದ ಮೇಲೆ ಐದಾರು ಕುಣಿಕೆ ಹೆಣೆದು, ಆಮೇಲೆ ಬಾಗಿಲು ತೆಗೆಯಿರಿ.

ಎರಡನೆಯದು ಎಣಿಕೆ: ಕಡ್ಡಿಯ ಮೇಲೆ ಎಷ್ಟು ಕುಣಿಕೆ ಇವೆ ಎಣಿಸಿ ನೋಡಿ. ಮೂರನೆಯದು ಸಂದು. ಪ್ರತಿ ತಿರುವಿನಲ್ಲೂ ಪಕ್ಕಪಕ್ಕದ ಎರಡು ಕುಣಿಕೆಗಳ ನಡುವೆ ಒಂದು ಸಂದು ಕಾಣುತ್ತದೆ. ಕಡ್ಡಿಯನ್ನು ಸ್ವಲ್ಪ ಬಾಗಿಸಿ ಕುಣಿಕೆಗಳನ್ನು ಹರಡಿದರೆ ಸಂದುಗಳು ತಾವೇ ಬಾಯಿ ಬಿಡುತ್ತವೆ. ಸಂದುಗಳ ಸಂಖ್ಯೆ ತಿರುವುಗಳ ಸಂಖ್ಯೆಗೆ ಸಮ ಇರಬೇಕು. ನಾಲ್ಕು ಸಲ ತಿರುಗಿಸಿದ್ದೀರಿ, ಸಂದು ಮೂರೇ ಇದ್ದರೆ ಒಂದನ್ನು ತಿಳಿಯದೆ ದಾಟಿ ಹೆಣೆದಿದ್ದೀರಿ.

ಪರೀಕ್ಷೆಯ ತುಂಡು

ನಿಜವಾದ ಸ್ವೆಟರಿನ ಮೇಲೆ ಕಲಿಯುವುದು ಬೇಡ. ಅರ್ಧ ತಾಸಿನಲ್ಲಿ ಮುಗಿಯುವ ಒಂದು ತುಂಡು ಸಾಕು. ನಾವು ಕಲಿಸಲು ಆಯ್ದುಕೊಳ್ಳುವುದು ಜರ್ಮನ್ ವಿಧಾನ, ಅಂದರೆ ತಿರುಗಿದ ಕೂಡಲೇ ಮೊದಲ ಕುಣಿಕೆಯನ್ನು ಎಳೆದು ಜೋಡಿ ಮಾಡುವುದು. ಮುಚ್ಚುವಾಗ ಹುಡುಕಾಡುವುದು ಕಡಿಮೆ, ತಿರುವು ಕಣ್ಣಿಗೆ ಕಾಣುತ್ತದೆ.

ಡಬಲ್ ನಿಟ್ ದಪ್ಪದ ಉಲನ್, 4 ಮಿ.ಮೀ. ಕಡ್ಡಿ ತೆಗೆದುಕೊಳ್ಳಿ. 30 ಕುಣಿಕೆ ಹಾಕಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಮಾಡುತ್ತ 6 ಸಾಲು ಹೆಣೆಯಿರಿ. ಆಮೇಲೆ:

1. ಸೀದಾ 24, ತಿರುಗಿಸಿ. ಜೋಡಿ ಕುಣಿಕೆ ಮಾಡಿ (ಹೇಗೆಂದು ಮುಂದಿನ ಭಾಗದಲ್ಲಿದೆ), ಉಲ್ಟಾ 23.
2. ಸೀದಾ 18, ತಿರುಗಿಸಿ. ಜೋಡಿ ಕುಣಿಕೆ, ಉಲ್ಟಾ 17.
3. ಸೀದಾ 12, ತಿರುಗಿಸಿ. ಜೋಡಿ ಕುಣಿಕೆ, ಉಲ್ಟಾ 11.
4. ಸೀದಾ 6, ತಿರುಗಿಸಿ. ಜೋಡಿ ಕುಣಿಕೆ, ಉಲ್ಟಾ 5.
5. ಈಗ ಎಲ್ಲ 30 ಸೀದಾ. ಜೋಡಿ ಬಂದಾಗ ಅದರ ಎರಡೂ ಕಾಲಿಗೆ ಒಟ್ಟಿಗೆ ಕಡ್ಡಿ ತೂರಿಸಿ ಒಂದೇ ಕುಣಿಕೆಯಾಗಿ ಹೆಣೆಯಿರಿ.

ಕೊನೆಗೆ ಕಡ್ಡಿಯ ಮೇಲೆ 30 ಇರಬೇಕು. ಮುಂಬದಿ ನಿಮ್ಮ ಕಡೆ ಇದ್ದಾಗ ಬಲ ಅಂಚು ಎಡ ಅಂಚಿಗಿಂತ 8 ಸಾಲು ಎತ್ತರ. 10 ಸೆಂ.ಮೀ.ಗೆ 30 ಸಾಲು ಬೀಳುವ ಕೈ ನಿಮ್ಮದಾದರೆ ಆ ಎತ್ತರ ಸುಮಾರು 2.7 ಸೆಂ.ಮೀ. ಅಳತೆ ಪಟ್ಟಿ ಇಟ್ಟು ನೋಡಿ. ಅದಕ್ಕಿಂತ ಬಹಳ ಕಡಿಮೆ ಬಂದರೆ ಒಂದು ಜೊತೆ ಸಾಲು ತಪ್ಪಿದೆ ಅಂತ.

ಜೋಡಿ ಕುಣಿಕೆ ಹುಟ್ಟುವ ಗಳಿಗೆ

ತೊಂದರೆಯೆಲ್ಲ ಈ ಎರಡು ಸೆಕೆಂಡಿನಲ್ಲಿ ಇದೆ, ಅದಕ್ಕೇ ನಿಧಾನವಾಗಿ ನೋಡೋಣ.

24ನೇ ಕುಣಿಕೆ ಸೀದಾ ಹೆಣೆದು ಹೆಣಿಗೆ ತಿರುಗಿಸಿದಿರಿ. ಉಲ್ಟಾ ಮುಖ ಈಗ ನಿಮ್ಮ ಕಡೆ, ದಾರ ತಾನಾಗಿಯೇ ಮುಂದೆ ಬಂದಿದೆ. ಎಡಗೈ ಕಡ್ಡಿಯ ಮೊದಲ ಕುಣಿಕೆಗೆ ಉಲ್ಟಾ ಹೆಣೆಯುವವರ ಹಾಗೆ ಕಡ್ಡಿ ತೂರಿಸಿ, ಹೆಣೆಯದೆ ಬಲಗೈ ಕಡ್ಡಿಗೆ ದಾಟಿಸಿ. ದಾರವನ್ನು ನೇರ ಮೇಲಕ್ಕೆ ಎಳೆದು, ಕಡ್ಡಿಯ ಮೇಲಿಂದ ಹಿಂದಕ್ಕೆ ಹಾಕಿ. ಎಳೆದಂತೆ ಆ ಕುಣಿಕೆ ಕಡ್ಡಿಯ ಮೇಲೆ ಏರಿ ಬರುತ್ತದೆ, ಅದರ ಕೆಳಗಿನ ಸಾಲಿನ ಎರಡು ಕಾಲು ಇಕ್ಕಳದ ಹಾಗೆ ಕಡ್ಡಿಯನ್ನು ಹಿಡಿದುಕೊಳ್ಳುತ್ತವೆ. ಇದೇ ಜೋಡಿ. ಇನ್ನು ಉಲ್ಟಾ ಹೆಣೆಯಲು ದಾರ ಮುಂದೆ ಬೇಕು. ಎರಡು ಕಡ್ಡಿಗಳ ಮೊನೆಯ ನಡುವಿನಿಂದ ದಾರವನ್ನು ಮುಂದೆ ತನ್ನಿ, ಮತ್ತೆ ಕಡ್ಡಿಯ ಮೇಲಿಂದ ಸುತ್ತಿ ತರಬೇಡಿ.

ಉಲ್ಟಾ ಸಾಲಿನ ತುದಿಯಲ್ಲಿ ತಿರುಗಿದಾಗ ಚಿತ್ರ ಬದಲಾಗುತ್ತದೆ. ಪರೀಕ್ಷೆಯ ತುಂಡಿನಲ್ಲಿ ಇದು ಬರುವುದಿಲ್ಲ, ಹಿಮ್ಮಡಿಯಲ್ಲೂ ಹಿಂಗುತ್ತಿಗೆಯಲ್ಲೂ ಬರುತ್ತದೆ. ಉಲ್ಟಾ ಹೆಣೆಯುವಾಗ ದಾರ ಮುಂದೆ ಇತ್ತು, ತಿರುಗಿಸಿದ ಕೂಡಲೇ ಹಿಂದೆ ಹೋಯಿತು. ಈಗ ಅದನ್ನು ಕೈಯಾರೆ ಮುಂದೆ ತಂದು, ಆಮೇಲೆ ಕುಣಿಕೆ ದಾಟಿಸಿ, ಆಮೇಲೆ ಮೇಲಿಂದ ಹಿಂದಕ್ಕೆ ಎಳೆಯಬೇಕು. ಮುಂದೆ ತರುವುದು ಮರೆತರೆ ಎಷ್ಟು ಎಳೆದರೂ ಜೋಡಿ ಹುಟ್ಟುವುದಿಲ್ಲ. ಬರೀ ಹೆಣೆಯದೆ ದಾಟಿಸಿದ ಒಂಟಿ ಕುಣಿಕೆ ಉಳಿಯುತ್ತದೆ. ಒಂದು ಬದಿಯ ತಿರುವುಗಳು ಚೆನ್ನಾಗಿದ್ದು ಇನ್ನೊಂದು ಬದಿಯಲ್ಲಿ ಎಲ್ಲವೂ ತೂತಾಗಿದ್ದರೆ, ಬೇರೇನೂ ಹುಡುಕದೆ ಮೊದಲು ಇದನ್ನೇ ಅನುಮಾನಿಸಿ.

ತೂತಿನ ಮುಖ ನೋಡಿ ಕಾರಣ ಹೇಳುವುದು

ಎಲ್ಲ ತೂತೂ ಒಂದೇ ಥರ ಇರುವುದಿಲ್ಲ. ಬೆರಳಿನಿಂದ ಎರಡೂ ಬದಿ ಸ್ವಲ್ಪ ಎಳೆದು ಹಿಡಿದು ನೋಡಿ.

ಏಣಿಯ ಮೆಟ್ಟಿಲಿನ ಹಾಗೆ ಒಂದು ಅಡ್ಡ ಎಳೆ ಸಡಿಲವಾಗಿ ಜೋತುಬಿದ್ದಿದ್ದರೆ, ಜೋಡಿ ಹುಟ್ಟಿದೆ, ಬಿಗಿ ನಿಂತಿಲ್ಲ. ದಾರ ಎಳೆದದ್ದು ಸರಿ. ಎಳೆದ ಮೇಲೆ ಮುಂದಿನ ಕುಣಿಕೆ ಹೆಣೆಯುವ ಹೊತ್ತಿಗೆ ಬೆರಳು ಸಡಿಲ ಬಿಟ್ಟಿದ್ದೀರಿ. ಬಿಗಿ ಉಳಿಸಿಕೊಳ್ಳಬೇಕಾದದ್ದು ಜೋಡಿ ಮಾಡುವಾಗ ಅಲ್ಲ, ಅದರ ನಂತರದ ಒಂದು ಕುಣಿಕೆ ಮುಗಿಯುವವರೆಗೆ. ದಾರವನ್ನು ತೋರುಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡು ಆ ಒಂದು ಕುಣಿಕೆ ಹೆಣೆಯಿರಿ, ಆಮೇಲೆ ಎಂದಿನ ಹಿಡಿತಕ್ಕೆ ಬನ್ನಿ.

ಜಾಲರಿ ಡಿಸೈನಿನಲ್ಲಿ ಬೇಕೆಂದೇ ಮಾಡಿದ ಹಾಗೆ ದುಂಡಗಿನ, ಅಚ್ಚುಕಟ್ಟಾದ ತೂತು, ಜೊತೆಗೆ ಎಣಿಕೆ ಒಂದು ಹೆಚ್ಚು: ಜೋಡಿಯ ಎರಡು ಕಾಲನ್ನು ಎರಡು ಬೇರೆ ಕುಣಿಕೆ ಎಂದುಕೊಂಡು ಹೆಣೆದಿದ್ದೀರಿ. ಇಲ್ಲವೇ ಉಲ್ಟಾಕ್ಕೆ ದಾರ ತರುವಾಗ ಕಡ್ಡಿಯ ಮೇಲಿಂದ ಸುತ್ತಿದ್ದೀರಿ.

ತೂತಿನ ಪಕ್ಕ ಒಂದು ಕುಣಿಕೆ ಮಾತ್ರ ಎರಡು ಸಾಲಿನಷ್ಟು ಉದ್ದವಾಗಿ, ಓರೆಯಾಗಿ ನಿಂತಿದ್ದರೆ ಅಲ್ಲಿ ಜೋಡಿಯೇ ಆಗಿಲ್ಲ. ಮೇಲೆ ಹೇಳಿದ, ದಾರ ಹಿಂದೆ ಉಳಿದ ತಪ್ಪು ಅದು.

ತೂತಿಲ್ಲ, ಆದರೆ ಆ ಜಾಗ ಗುಳಿಬಿದ್ದು ಸುತ್ತ ಸುಕ್ಕು ಕಟ್ಟಿದೆಯೇ? ವಿಪರೀತ ಎಳೆದಿದ್ದೀರಿ. ಜೋಡಿಯ ಜೊತೆ ಅದರ ಕೆಳಗಿನ ಕುಣಿಕೆಯೂ ಮೇಲೆದ್ದು ಬಂದಿದೆ. ತೂತಿಗೆ ಹೆದರಿದವರು ಮಾಡುವ ತಪ್ಪು ಇದು. ಇಕ್ಕಳದ ಎರಡು ಕಾಲು ನೆಟ್ಟಗೆ, ಸಮನಾಗಿ ನಿಂತಾಗ ಕೈ ನಿಲ್ಲಿಸಿ.

ಇನ್ನು ಎಲ್ಲವನ್ನೂ ಸರಿಯಾಗಿ ಮಾಡಿಯೂ ಉಲ್ಟಾ ಬದಿಯ ತಿರುವುಗಳು ಮಾತ್ರ ಒಂದು ಗುಂಜಿಯಷ್ಟು ಹೆಚ್ಚು ಬಾಯಿ ಬಿಟ್ಟಿರುತ್ತವೆ. ಬಹಳ ಜನರ ಉಲ್ಟಾ ಸಾಲು ಸೀದಾ ಸಾಲಿಗಿಂತ ಸ್ವಲ್ಪ ಸಡಿಲವೇ ಇರುತ್ತದೆ, ಹೆಣಿಗೆಯ ಹಿಂಬದಿಯಲ್ಲಿ ಸಾಲುಗಳು ಎರಡೆರಡಾಗಿ ಗುಂಪು ಕಟ್ಟಿ ಪಟ್ಟೆ ಕಂಡರೆ ನೀವೂ ಆ ಪೈಕಿ. ತಿರುವಿನ ಹತ್ತಿರದ ಎರಡು ಮೂರು ಉಲ್ಟಾ ಕುಣಿಕೆಗಳನ್ನು ಬಿಗಿ ಮಾಡಿ. ಅದೂ ಸಾಲದಿದ್ದರೆ ಜಪಾನಿ ವಿಧಾನ ಹಿಡಿಯಿರಿ. ಇದರಲ್ಲಿ ಜೋಡಿಯೂ ಇಲ್ಲ, ಸುತ್ತೂ ಇಲ್ಲ. ತಿರುಗಿಸಿದ ಜಾಗದಲ್ಲಿ ದಾರಕ್ಕೆ ಒಂದು ಸಣ್ಣ ಸೇಫ್ಟಿ ಪಿನ್ ಹಾಕಿ ಮುಂದೆ ಹೋಗುವುದು. ಮುಚ್ಚುವಾಗ ಸೀದಾ ಸಾಲಿನಲ್ಲಿ ಸಂದಿನವರೆಗೆ ಬಂದು, ಪಿನ್ ಎಳೆದು ಆ ದಾರದ ಕುಣಿಕೆಯನ್ನು ಎಡಗೈ ಕಡ್ಡಿಗೆ ಏರಿಸಿ, ಮುಂದಿನ ಕುಣಿಕೆಯ ಜೊತೆ ಸೇರಿಸಿ ಹೆಣೆಯಬೇಕು. ಉಲ್ಟಾ ಸಾಲಿನಲ್ಲಿ ಕ್ರಮ ಬೇರೆ: ಸಂದು ದಾಟಿದ ಮೊದಲ ಕುಣಿಕೆಯನ್ನು ಬಲಗೈ ಕಡ್ಡಿಗೆ ದಾಟಿಸಿ, ಪಿನ್ನಿನ ದಾರವನ್ನು ಎಡಗೈ ಕಡ್ಡಿಗೆ ಏರಿಸಿ, ದಾಟಿಸಿದ್ದನ್ನು ವಾಪಸ್ ಎಡಕ್ಕೆ ತಂದು, ಎರಡನ್ನೂ ಸೇರಿಸಿ ಉಲ್ಟಾ. ತಿರುವಿಗೆ ಖರ್ಚಾಗುವ ದಾರ ಇದರಲ್ಲಿ ಅತಿ ಕಡಿಮೆ, ಅದಕ್ಕೇ ತೂತೂ ಅತಿ ಸಣ್ಣದು. ತೊಂದರೆ ಅಂದರೆ ಪಿನ್ನುಗಳ ಡಬ್ಬಿ ಪಕ್ಕದಲ್ಲೇ ಇರಬೇಕು, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅದು ಆಗುವ ಮಾತಲ್ಲ.

ಎಣಿಕೆ ತಪ್ಪಿದಾಗ

ಪರೀಕ್ಷೆಯ ತುಂಡಿನ ಕೊನೆಯಲ್ಲಿ 34 ಬಂತು. ಗಾಬರಿ ಬೇಡ, ನಾಲ್ಕೂ ಜೋಡಿಯನ್ನು ಬಿಡಿಸಿ ಹೆಣೆದಿದ್ದೀರಿ. 31, 32, 33 ಬಂದರೆ ಅಷ್ಟು ಜೋಡಿ ಕೈತಪ್ಪಿವೆ. 29 ಬಂದರೆ ಜೋಡಿಯ ಎರಡು ಕಾಲಿನ ಜೊತೆ ಪಕ್ಕದ ಕುಣಿಕೆಯೂ ಸೇರಿಹೋಗಿದೆ. ಆ ಜಾಗದಲ್ಲಿ ಮೂರು ಎಳೆ ಒಟ್ಟಿಗೆ ಗಂಟಿನ ಹಾಗೆ ಕಾಣುತ್ತವೆ.

ಮುಚ್ಚುವ ಮೊದಲೇ, ತುಂಡು ಸಾಲುಗಳ ನಡುವೆ ಎಣಿಸುವಾಗಲೂ ಜೋಡಿಯನ್ನು ಒಂದೆಂದೇ ಎಣಿಸಬೇಕು. ಎರಡು ಎಂದು ಎಣಿಸಿದವರು ಹೆಚ್ಚಾಯಿತೆಂದು ಎರಡು ಕುಣಿಕೆ ಸೇರಿಸಿ ಹೆಣೆದು, ಇಲ್ಲದ ತಪ್ಪನ್ನು ತಾವೇ ತಂದುಕೊಳ್ಳುತ್ತಾರೆ. ಇದಕ್ಕೆ ಮದ್ದು ಸುಲಭ: ಜೋಡಿ ಹುಟ್ಟಿದ ಕೂಡಲೇ ಅದರ ಎರಡೂ ಕಾಲಿಗೆ ಸೇರಿಸಿ ಒಂದು ಬಣ್ಣದ ದಾರದ ಉಂಗುರ ಅಥವಾ ತೆರೆಯುವ ಮಾರ್ಕರ್ ಸಿಕ್ಕಿಸಿ. ಒಂದು ಮಾರ್ಕರ್ ಅಂದರೆ ಒಂದು ಕುಣಿಕೆ.

ತಪ್ಪು ಮುಚ್ಚುವ ಸಾಲಿನಲ್ಲೇ ಗೊತ್ತಾದರೆ ಒಂದೊಂದೇ ಕುಣಿಕೆ ಹಿಂದಕ್ಕೆ ಬಿಚ್ಚಿ ಸರಿಮಾಡಿ. ಜೋಡಿಯನ್ನು ಬಿಚ್ಚಬೇಕಾದಾಗ ದಾರವನ್ನು ಮುಂದಕ್ಕೆ ಸಡಿಲ ಬಿಟ್ಟರೆ ಎರಡು ಕಾಲು ಇಳಿದು ಮೊದಲಿನ ಒಂಟಿ ಕುಣಿಕೆ ಮೇಲೆ ಬರುತ್ತದೆ. ಅದು ಕಡ್ಡಿಯ ಮೇಲೆ ಕೂರುವಾಗ ಬಲಗಾಲು ಮುಂದೆ, ಎಡಗಾಲು ಹಿಂದೆ ಇರಬೇಕು. ತಿರುಚಿ ಕೂತರೆ ಮುಂದೆ ಹೆಣೆದಾಗ ಅಡಿಯಲ್ಲಿ ಕತ್ತರಿ ಹಾಕಿದ ಹಾಗೆ ಕಾಣುತ್ತದೆ.

ಬಿಚ್ಚುವ ಭಯವೇ ಬೇಡ ಅನ್ನುವವರು ಮೊದಲ ತುಂಡು ಸಾಲಿಗೆ ಮುಂಚೆ ಒಂದು ಕಾವಲು ದಾರ ಹಾಕಿಕೊಳ್ಳಲಿ. ದರ್ಜಿ ರೀಲಿನ ದಾರವನ್ನು ಎರಡೆಳೆ ಮಾಡಿ, ದೊಡ್ಡ ಕಣ್ಣಿನ ಸೂಜಿಗೆ ಪೋಣಿಸಿ, ಕಡ್ಡಿಯ ಮೇಲಿನ 30 ಕುಣಿಕೆಯ ಒಳಗಿಂದಲೂ ಹಾಯಿಸಿ ಎರಡೂ ತುದಿ ಒಂದೊಂದು ಗೇಣು ಬಿಡಿ. ಮಾರ್ಕರಿನ ಒಳಗಿಂದ ಹಾಯಿಸಬೇಡಿ, ಮಾರ್ಕರ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಷ್ಟೇ ಕೆಟ್ಟರೂ ಕಡ್ಡಿ ಎಳೆದು ಕಾವಲು ದಾರದವರೆಗೆ ಬಿಚ್ಚಿದರೆ ಕುಣಿಕೆಗಳು ಅಲ್ಲಿ ನಿಂತಿರುತ್ತವೆ.

ಸುತ್ತಿ ತಿರುಗಿಸುವ ಹಳೆಯ ವಿಧಾನ

ಇಂಗ್ಲಿಷ್ ಪ್ಯಾಟರ್ನ್‌ಗಳಲ್ಲಿ ಬಹಳ ಸಲ ಇದನ್ನೇ ಕೊಟ್ಟಿರುತ್ತಾರೆ, ವ್ರ್ಯಾಪ್ ಅಂಡ್ ಟರ್ನ್ ಎಂದು. ಸೀದಾ ಸಾಲಿನಲ್ಲಿ 24 ಹೆಣೆದು, ದಾರ ಮುಂದೆ ತಂದು, 25ನೆಯದನ್ನು ಹೆಣೆಯದೆ ಬಲಕ್ಕೆ ದಾಟಿಸಿ, ದಾರ ಹಿಂದೆ ಒಯ್ದು, ಆ ಕುಣಿಕೆಯನ್ನು ವಾಪಸ್ ಎಡಕ್ಕೆ ತಂದು ತಿರುಗಿಸುವುದು. 25ನೇ ಕುಣಿಕೆಯ ಕೊರಳಿಗೆ ದಾರದ ಒಂದು ಸುತ್ತು ಬಿದ್ದಿರುತ್ತದೆ. ಮುಚ್ಚುವಾಗ ಸುತ್ತನ್ನೂ ಕುಣಿಕೆಯನ್ನೂ ಸೇರಿಸಿ ಹೆಣೆಯಬೇಕು.

ಇಲ್ಲಿ ಕಾಣುವ ದೋಷ ಹೆಚ್ಚಾಗಿ ಒಂದೇ. ಮುಂಬದಿಯಲ್ಲಿ ಕುಣಿಕೆಯ ಬುಡಕ್ಕೆ ಒಂದು ಅಡ್ಡ ಗೆರೆ, ಉಲ್ಟಾ ಕುಣಿಕೆಯ ಗುಬುಟಿನ ಹಾಗೆ. ಸುತ್ತನ್ನು ಎತ್ತದೆ ಬರೀ ಕುಣಿಕೆ ಹೆಣೆದಿದ್ದೀರಿ. ಸೀದಾ ಸಾಲಿನಲ್ಲಿ ಸುತ್ತಿನ ಕೆಳಗಿಂದ ಮೇಲಕ್ಕೆ ಕಡ್ಡಿ ತೂರಿಸಿ ಆಮೇಲೆ ಕುಣಿಕೆಗೆ ತೂರಿಸಬೇಕು. ಉಲ್ಟಾ ಸಾಲಿನಲ್ಲಿ ಸುತ್ತು ಆಚೆ ಮುಖದಲ್ಲಿ ಇರುತ್ತದೆ. ಹೆಣಿಗೆಯ ಹಿಂದಕ್ಕೆ ಇಣುಕಿ, ಕಡ್ಡಿಯ ಮೊನೆಯಿಂದ ಸುತ್ತನ್ನು ಎತ್ತಿ ಎಡಗೈ ಕಡ್ಡಿಯ ಮೇಲೆ ಕೂರಿಸಿ, ಎರಡನ್ನೂ ಸೇರಿಸಿ ಉಲ್ಟಾ. ಹತ್ತು ಸಾಲು ಮೇಲೆ ಹೋದ ಮೇಲೆ ಗೆರೆ ಕಂಡರೂ ಪೂರ್ತಿ ಬಿಚ್ಚಬೇಕಿಲ್ಲ. ಆ ಒಂದು ಕುಣಿಕೆಯನ್ನು ಮಾತ್ರ ಕಡ್ಡಿಯಿಂದ ಜಾರಿಸಿ ಸುತ್ತಿನವರೆಗೆ ಇಳಿಸಿ, ಕ್ರೋಶಾ ಸೂಜಿಯನ್ನು ಸುತ್ತು ಮತ್ತು ಕುಣಿಕೆ ಎರಡರೊಳಗೂ ತೂರಿಸಿ, ಏಣಿಯ ಒಂದೊಂದು ಎಳೆ ಹಿಡಿದು ಮೇಲೆ ಹತ್ತಿಸಿ.

ಎರಡೂ ಬದಿ ಸೀದಾ ಹೆಣೆಯುವ ಡಿಸೈನಿನಲ್ಲಿ, ಅಂದರೆ ಸಾಲು ಸಾಲು ಗುಬುಟು ಕಾಣುವ ಹೆಣಿಗೆಯಲ್ಲಿ, ಸುತ್ತು ಎತ್ತುವ ಕೆಲಸವೇ ಬೇಡ. ಗುಬುಟುಗಳ ನಡುವೆ ಅದು ಮರೆಯಾಗುತ್ತದೆ. ಕುಲಾವಿಯನ್ನು ಮೊದಲು ಈ ಹೆಣಿಗೆಯಲ್ಲೇ ಮಾಡಿ ಎಂದು ನಾವು ಹೇಳುವುದು ಅದಕ್ಕೇ.

ಸುತ್ತುವ ಪ್ಯಾಟರ್ನನ್ನು ಜರ್ಮನ್ ವಿಧಾನದಲ್ಲಿ ಹೆಣೆದಾಗ ಎಲ್ಲವೂ ಒಂದು ಕುಣಿಕೆ ಪಕ್ಕಕ್ಕೆ ಸರಿದಂತಾಗುತ್ತದೆ. ಅಲ್ಲಿ ಗುರುತು ಬೀಳುವುದು ಹೆಣೆಯದ 25ನೆಯದಕ್ಕೆ, ಇಲ್ಲಿ ಹೆಣೆದ 24ನೆಯದಕ್ಕೆ. ಆದ್ದರಿಂದ ಪ್ಯಾಟರ್ನ್ ಸುತ್ತು ಎಂದ ಕುಣಿಕೆಯನ್ನೂ ಹೆಣೆದು, ಆಮೇಲೆ ತಿರುಗಿಸಿ, ಅದನ್ನೇ ಜೋಡಿ ಮಾಡಿ.

ತೂತಿಲ್ಲ, ಆಕಾರ ಸರಿಯಿಲ್ಲ

ಭುಜ ತಲೆಕೆಳಗಾಗಿದೆ: ಕುತ್ತಿಗೆಯ ಕಡೆ ತಗ್ಗು, ತೋಳಿನ ಕಡೆ ಎತ್ತರ. ತಿರುವು ತಪ್ಪು ತುದಿಯಲ್ಲಿ ಬಿದ್ದಿದೆ. ಯಾವ ತುದಿ ತಗ್ಗಬೇಕೋ ಆ ತುದಿ ಮುಟ್ಟುವ ಮುಂಚೆ ತಿರುಗಬೇಕು. ಮುಂಬದಿಯಿಂದ ನೋಡಿದಾಗ ಎಡ ಅಂಚಿನ ಭುಜಕ್ಕೆ ಸೀದಾ ಸಾಲಿನ ಕೊನೆಯಲ್ಲಿ ತಿರುವು, ಬಲ ಅಂಚಿನ ಭುಜಕ್ಕೆ ಉಲ್ಟಾ ಸಾಲಿನ ಕೊನೆಯಲ್ಲಿ. ಎರಡೂ ಭುಜಕ್ಕೆ ಒಂದೇ ಸೂಚನೆ ಹಿಡಿದು ಹೆಣೆದರೆ ಒಂದು ಸರಿ, ಇನ್ನೊಂದು ಸೊಟ್ಟ.

ಇಳಿಜಾರಿನ ಬದಲು ಒಂದು ಕಡೆ ಗುಳ್ಳೆಯ ಹಾಗೆ ಉಬ್ಬಿದೆ: ತಿರುವುಗಳು ಒಂದರ ಮೇಲೊಂದು ಒಂದೇ ಕಂಬದಲ್ಲಿ ಬಿದ್ದಿವೆ. ಭುಜಕ್ಕೆ ಸಮ ಅಂತರ ಬೇಕು, 30 ಕುಣಿಕೆಗೆ 6, 6, 6 ಎಂದು ಹಂಚಿದ ಹಾಗೆ. ಉಬ್ಬು ಬೇಕಾದದ್ದು ಹಿಮ್ಮಡಿಗೆ. ಅಲ್ಲಿ ಒಂದೊಂದೇ ಕುಣಿಕೆ ಬಿಟ್ಟು ತಿರುಗುತ್ತೇವೆ.

ಮಕ್ಕಳ ಸ್ವೆಟರ್ ಮುಂದೆ ಗಂಟಲಿಗೆ ಒತ್ತುತ್ತದೆ, ಹಿಂದೆ ಕುತ್ತಿಗೆ ಬಯಲಾಗಿ ಚಳಿ ಹೊಡೆಯುತ್ತದೆ ಎಂದರೆ ಅದು ಹೆಣಿಗೆಯ ತಪ್ಪಲ್ಲ, ಹಿಂಗುತ್ತಿಗೆಗೆ ಏರು ಕೊಟ್ಟಿಲ್ಲ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಬೀದರಿನಲ್ಲಿ ಬೆಳಗಿನ ಗಾಳಿ ಹೊಡೆಯುವುದೇ ಆ ಜಾಗಕ್ಕೆ. ಕುತ್ತಿಗೆ ಪಟ್ಟಿಗೆ ಮುಂಚೆ ಹಿಂಭಾಗದ ಕುಣಿಕೆಗಳ ಮೇಲೆ ಮಾತ್ರ 6 ತುಂಡು ಸಾಲು ಸೇರಿಸಿದರೆ ಸುಮಾರು 2 ಸೆಂ.ಮೀ. ಏರುತ್ತದೆ. ಪ್ರತಿ ತಿರುವನ್ನೂ ಹಿಂದಿನದಕ್ಕಿಂತ ನಾಲ್ಕೈದು ಕುಣಿಕೆ ಆಚೆ ಇಡಿ.

ಹಿಮ್ಮಡಿ

60 ಕುಣಿಕೆಯ ಕಾಲುಚೀಲಕ್ಕೆ ಪುಸ್ತಕಗಳು ಅರ್ಧ, ಅಂದರೆ 30 ಕುಣಿಕೆಯ ಮೇಲೆ ಹಿಮ್ಮಡಿ ಹೇಳುತ್ತವೆ. ಶಾರ್ಟ್ ರೋ ಹಿಮ್ಮಡಿಗೆ ಪಕ್ಕದ ಪಟ್ಟಿ ಇಲ್ಲದ್ದರಿಂದ ಪಾದದ ಮೇಲ್ಭಾಗ ಎತ್ತರ ಇದ್ದವರಿಗೆ ಬಿಗಿಯಾಗುತ್ತದೆ, ನಡೆದಂತೆ ಹಿಮ್ಮಡಿ ಪಾದದ ಅಡಿಗೆ ಜಾರುತ್ತದೆ. ನೂರಕ್ಕೆ 60ರ ಲೆಕ್ಕದಲ್ಲಿ 36 ಕುಣಿಕೆ ತೆಗೆದುಕೊಳ್ಳಿ: ಎರಡೂ ಬದಿ 12 ಜೋಡಿ, ನಡುವೆ 12 ಸಾದಾ. ಹಿಮ್ಮಡಿಯ ಅರ್ಧ ಮುಗಿದಾಗ ನಿಂತು ಎಣಿಸಿ. ಒಂದು ಬದಿ 12, ಇನ್ನೊಂದು ಬದಿ 11 ಇದ್ದರೆ ಮುಂದೆ ಹೋಗಬೇಡಿ.

ಎರಡನೇ ಅರ್ಧದಲ್ಲಿ ಹೊಸಬರು ಇದ್ದಲ್ಲೇ ಸುತ್ತುತ್ತಾರೆ, ಹಿಮ್ಮಡಿ ಅಗಲವಾಗುವುದೇ ಇಲ್ಲ. ಮೊದಲ ಎರಡು ಸಾಲಿನಲ್ಲಿ ಒಂದೊಂದು ಜೋಡಿ ಮುಚ್ಚಿದರೆ ಸಾಕು. ಆಮೇಲಿನ ಪ್ರತಿ ಸಾಲಿನಲ್ಲಿ ಎರಡು ಮುಚ್ಚಬೇಕು: ಹೋದ ಸಲ ತಿರುಗಿದಾಗ ಹುಟ್ಟಿದ್ದೊಂದು, ಅದರ ಪಕ್ಕದ ಹಳೆಯದೊಂದು. ಹಳೆಯದನ್ನು ಮುಚ್ಚದೆ ತಿರುಗಿದರೆ ಗಾಣದ ಎತ್ತು.

ಹಿಮ್ಮಡಿ ಮುಗಿಸಿ ಕಾಲುಚೀಲವನ್ನು ಮತ್ತೆ ದುಂಡಗೆ ಹೆಣೆಯತೊಡಗಿದಾಗ ಕಣಕಾಲಿನ ಎರಡು ಮೂಲೆಯಲ್ಲಿ ಬೀಳುವ ತೂತು ಯಾವ ವಿಧಾನದಲ್ಲೂ ತಪ್ಪದು. ಮೂಲೆಯ ಅಡ್ಡ ಎಳೆಯನ್ನು ಎತ್ತಿ, ಒಂದು ಸಲ ತಿರುಚಿ ಕಡ್ಡಿಗೆ ಹಾಕಿ, ಪಕ್ಕದ ಕುಣಿಕೆಯ ಜೊತೆ ಸೇರಿಸಿ ಹೆಣೆಯಿರಿ. ಎಣಿಕೆ ಹೆಚ್ಚದು, ತೂತು ಮುಚ್ಚುತ್ತದೆ.

ಕಡ್ಡಿಯ ನಂಬರು, ದಾರದ ಗುಣ

ಕೈ ಸರಿಯಿದ್ದೂ ಹೆಣಿಗೆಯೆಲ್ಲ ಜಾಳುಜಾಳಾಗಿ ತಿರುವು ಬಾಯಿ ಬಿಡುತ್ತಿದ್ದರೆ ಕಡ್ಡಿಯ ನಂಬರು ನೋಡಿ. ನಮ್ಮ ಅಂಗಡಿಗಳಲ್ಲಿ ಕೊಡುವುದು ಹಳೆಯ ಬ್ರಿಟಿಷ್ ನಂಬರು: 8 ಅಂದರೆ 4 ಮಿ.ಮೀ., 10 ಅಂದರೆ 3.25, 11 ಅಂದರೆ 3. ನಂಬರು ಏರಿದಂತೆ ಕಡ್ಡಿ ಸಣ್ಣಗಾಗುತ್ತದೆ. ಅಮೆರಿಕದ ಪ್ಯಾಟರ್ನಿನಲ್ಲಿ ಲೆಕ್ಕ ತಿರುಗು. ಅವರ 8 ಅಂದರೆ 5 ಮಿ.ಮೀ., ನಮ್ಮ 8ಕ್ಕೆ ಸಮವಾದದ್ದು ಅವರ 6. ನಂಬರು ಬಿಟ್ಟು ಮಿ.ಮೀ. ಕೇಳಿ ತೆಗೆದುಕೊಳ್ಳುವುದೇ ಲೇಸು. ತಿರುವು ಕಲಿಯುವಾಗ ದಾರಕ್ಕೆ ಹೇಳಿದ್ದಕ್ಕಿಂತ ಅರ್ಧ ಮಿ.ಮೀ. ಸಣ್ಣ ಕಡ್ಡಿಯಲ್ಲಿ ಒಮ್ಮೆ ಹೆಣೆದು ನೋಡಿ.

ಉಲನ್ ಎಂದು ಕರೆದರೂ ಅಂಗಡಿಯಲ್ಲಿ ಸಿಗುವುದು ಬಹುಪಾಲು ಅಕ್ರಿಲಿಕ್. ನಿಜವಾದ ಉಣ್ಣೆಯಾದರೆ ನೆನೆಸಿ, ಹಿಂಡದೆ, ಹರಡಿ ಒಣಗಿಸಿದಾಗ ಸಣ್ಣಪುಟ್ಟ ತೂತು ತಾನೇ ಕೂಡಿಕೊಳ್ಳುತ್ತದೆ. ಅಕ್ರಿಲಿಕ್ ಹಾಗೆ ಕೂಡುವುದಿಲ್ಲ. ಇಸ್ತ್ರಿ ಒತ್ತಿದರೆ ತೂತು ಹೋಗುವ ಬದಲು ಹಿಗ್ಗುವ ಗುಣವೇ ಹೋಗಿ ಬಟ್ಟೆ ಜೋಲುಬೀಳುತ್ತದೆ, ಒಮ್ಮೆ ಹೋದರೆ ಮತ್ತೆ ಬಾರದು. ಹತ್ತಿ ದಾರದಲ್ಲಿ ಹಿಗ್ಗೇ ಇಲ್ಲ, ತಿರುವಿನ ತಪ್ಪು ಎದ್ದು ಕಾಣುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಬೆವರು ಕೈಗೆ ಅಕ್ರಿಲಿಕ್ ಕಡ್ಡಿಯ ಮೇಲೆ ಜಾರದೆ ಕಚ್ಚುತ್ತದೆ, ಜೋಡಿಯ ಬಿಗಿ ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಮೇ ತಿಂಗಳಿನ ಮಧ್ಯಾಹ್ನ ಕಲಿತು ಬೇಸತ್ತವರು ಬೆಳಗಿನ ತಂಪಿನಲ್ಲಿ ಕೈ ತೊಳೆದು ಒರೆಸಿಕೊಂಡು ಇನ್ನೊಮ್ಮೆ ಕೂರಲಿ.

ಎಲ್ಲ ಮುಗಿದ ಮೇಲೆ ಕಂಡ ತೂತು

ಸ್ವೆಟರ್ ಹೊಲಿದು ಮುಗಿಸಿದ ಮೇಲೆ ಒಂದೆರಡು ತೂತು ಕಂಡರೆ ಬಿಚ್ಚುವುದು ಬೇಡ. ಅದೇ ಉಂಡೆಯ ಒಂದು ಗೇಣು ದಾರವನ್ನು ಮೊಂಡು ಮೊನೆಯ ಸೂಜಿಗೆ ಪೋಣಿಸಿ ಹಿಂಬದಿಗೆ ತಿರುಗಿಸಿ. ತೂತಿನ ನಾಲ್ಕೂ ಕಡೆಯ ಕುಣಿಕೆಗಳ ಒಂದೊಂದು ಕಾಲಿನ ಕೆಳಗೆ ಸೂಜಿ ಹಾಯಿಸಿ, ಎಂಟರ ಆಕಾರದಲ್ಲಿ ಒಂದು ಸುತ್ತು ಬನ್ನಿ. ಈಗ ಮುಂಬದಿ ನೋಡುತ್ತ, ತೂತು ಮುಚ್ಚುವಷ್ಟೇ ನಿಧಾನ ಎಳೆಯಿರಿ. ಸುಕ್ಕು ಕಂಡರೆ ಕೂದಲೆಳೆ ಸಡಿಲ ಬಿಡಿ. ಗಂಟು ಹಾಕಬೇಡಿ, ಗಂಟು ಮುಂಬದಿಗೆ ತೂರಿ ಬರುತ್ತದೆ. ದಾರದ ತುದಿಯನ್ನು ಹಿಂಬದಿಯ ಗುಬುಟುಗಳ ಒಳಗೆ 3 ಸೆಂ.ಮೀ. ನುಸುಳಿಸಿ, ಅಕ್ರಿಲಿಕ್ ಜಾರುವ ದಾರವಾದ್ದರಿಂದ ಎದುರು ದಿಕ್ಕಿಗೆ ಇನ್ನೊಮ್ಮೆ ಅಷ್ಟೇ ತಂದು, ಬಟ್ಟೆಯನ್ನು ಒಮ್ಮೆ ಅಡ್ಡಕ್ಕೆ ಜಗ್ಗಿ ನೋಡಿ ಆಮೇಲೆ ಕತ್ತರಿಸಿ.